ವೈಪರೀತ್ಯವೋ ಬದಲಾವಣೆಯೋ: 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯ ಒಂದು ವಾಕ್ಯದ ಪಾಠವಿಚಾರ

ಈ ಲೇಖನ ಹುಟ್ಟಿದ್ದು ಒಂದು ಶೇಕಡಾವಾರಿನಿಂದ. ಕೆಲವು ವರ್ಷಗಳ ಹಿಂದೆ ಒಂದು ವಿಚಾರಗೋಷ್ಠಿಯಲ್ಲಿ ಹಿರಿಯರೊಬ್ಬರು ಮಾತನಾಡುತ್ತಿದ್ದರು. ಅವರ ಹೆಸರು ಬೇಡ, ಅವರಿಂದ ನಾನು ಕಲಿತದ್ದು ಬಹಳ ಇದೆ. ಹವಾಮಾನ ವೈಪರೀತ್ಯವನ್ನು ಎದುರಿಸಲು ಭಾರತ 2008ರ ಹೊತ್ತಿಗೇ ಜಿಡಿಪಿಯ ಶೇ 2.6ಕ್ಕೂ ಮಿಕ್ಕಿ ಖರ್ಚು ಮಾಡುತ್ತಿತ್ತು ಎಂದು ಅವರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಚಹಾದ ಬಿಡುವಿನಲ್ಲಿ ಎದುರು ಬಣದ ಒಬ್ಬರು ನನ್ನ ಪಕ್ಕ ಬಂದು, ಅದೆಲ್ಲ ಹಳೆಯ ಖರ್ಚಿಗೆ ಅಂಟಿಸಿದ ಹೊಸ ಚೀಟಿ ಎಂದು ನಕ್ಕರು. ಇಬ್ಬರೂ ಓದಿದ್ದು ಒಂದೇ ವಾಕ್ಯ. ಇಬ್ಬರೂ ಅದರಲ್ಲಿ ಇಲ್ಲದ ಪದವೊಂದನ್ನು ಓದಿದ್ದರು ಎಂದು ನನಗೆ ಆಗಲೇ ಗುಮಾನಿ ಬಂತು. ಮನೆಗೆ ಬಂದು ಮೂಲ ತೆಗೆದು ನೋಡಿದಾಗ ಗುಮಾನಿ ಖಾತ್ರಿಯಾಯಿತು.

2008ರ ಜೂನ್ 30ರಂದು ಪ್ರಧಾನಿ ಮನಮೋಹನ್ ಸಿಂಗ್ ಬಿಡುಗಡೆ ಮಾಡಿದ, ಹವಾಮಾನ ಬದಲಾವಣೆ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆಯ ಹಿನ್ನೆಲೆಯನ್ನು ನಾನಿಲ್ಲಿ ಮತ್ತೆ ಹೇಳುವುದಿಲ್ಲ. ಎಂಟು ಮಿಷನ್‌ಗಳ ಹೆಸರನ್ನು ಒಪ್ಪಿಸಿ ಮುಗಿಸುವ ಲೇಖನಗಳು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಬೇಕಾದಷ್ಟಿವೆ. ನನಗೆ ಬೇಕಾದದ್ದು ಯೋಜನೆಯ ಎರಡನೆಯ ಭಾಗವಾದ ತಾಂತ್ರಿಕ ದಸ್ತಾವೇಜಿನ ಒಂದು ವಾಕ್ಯ ಮಾತ್ರ. ಬಹಳಷ್ಟು ಜನ ಮುನ್ನೋಟದ ಭಾಗವನ್ನು ಓದಿ ಪುಸ್ತಕ ಮುಚ್ಚುತ್ತಾರೆ, ಆ ಕಡೆಗೆ ಹೋಗುವುದೇ ಇಲ್ಲ. ವಾಕ್ಯದ ತಾತ್ಪರ್ಯ ಇಷ್ಟು: ಭಾರತದಲ್ಲಿ ಕ್ಲೈಮೇಟ್ ವೇರಿಯಬಿಲಿಟಿಗೆ ಹೊಂದಿಕೊಳ್ಳಲು ಸರ್ಕಾರ ಸದ್ಯ ಮಾಡುತ್ತಿರುವ ವೆಚ್ಚ ಜಿಡಿಪಿಯ ಶೇ 2.6ನ್ನು ಮೀರುತ್ತದೆ, ಕೃಷಿ, ಜಲಸಂಪನ್ಮೂಲ, ಆರೋಗ್ಯ ಮತ್ತು ನೈರ್ಮಲ್ಯ, ಅರಣ್ಯ, ಕರಾವಳಿಯ ಮೂಲಸೌಕರ್ಯ, ವಿಪರೀತ ಘಟನೆಗಳು ಇದರಲ್ಲಿ ವಿಶೇಷವಾಗಿ ಗಮನಿಸಬೇಕಾದ ಕ್ಷೇತ್ರಗಳು.

ಅಲ್ಲಿರುವುದು ವೇರಿಯಬಿಲಿಟಿ. ಕ್ಲೈಮೇಟ್ ಚೇಂಜ್ ಎಂಬ ಮಾತು ಆ ವಾಕ್ಯದಲ್ಲಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಲೇಖನ ಏಕೆ ಎಂದು ಕೇಳುವವರಿದ್ದಾರೆ. ಶಾಸನದ ಒಂದು ಅಕ್ಷರ ‘ಳ’ವೋ ‘ೞ’ವೋ ಎಂಬುದರ ಮೇಲೆ ಕಾಲನಿರ್ಣಯ ಮಾಡುವ ಪರಂಪರೆಯಿಂದ ಬಂದವನು ನಾನು. ಸರ್ಕಾರಿ ದಸ್ತಾವೇಜೂ ಒಂದು ಪಾಠವೇ, ಅದಕ್ಕೂ ಲಿಪಿಕಾರರಿದ್ದಾರೆ, ಪ್ರತಿಕಾರರಿದ್ದಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಬೆಳೆದವರಿಗೆ ಕ್ಲಿಷ್ಟಪಾಠದ ತತ್ತ್ವ ಗೊತ್ತಿರುತ್ತದೆ. ಒಂದೇ ಸ್ಥಳದಲ್ಲಿ ಎರಡು ಪಾಠಗಳಿದ್ದು, ಒಂದು ಸುಲಭ, ಇನ್ನೊಂದು ತೊಡಕಿನದು ಎಂದಾದರೆ ತೊಡಕಿನದೇ ಮೂಲವಾಗಿರುವ ಸಂಭವ ಹೆಚ್ಚು. ಪ್ರತಿಕಾರ ಸುಲಭವನ್ನು ತೊಡಕಾಗಿಸುವುದಿಲ್ಲ, ತೊಡಕನ್ನು ಸುಲಭಗೊಳಿಸುತ್ತಾನೆ. ಹೆಸರಿನಲ್ಲೇ ಕ್ಲೈಮೇಟ್ ಚೇಂಜ್ ಇರುವ ಪುಸ್ತಕದಲ್ಲಿ, ಪುಟಪುಟಕ್ಕೂ ಅದೇ ಮಾತು ಬರುವ ಕಡೆ, ವೇರಿಯಬಿಲಿಟಿ ಎಂಬುದು ಕ್ಲಿಷ್ಟಪಾಠ. ಅದನ್ನು ‘ಬದಲಾವಣೆ’ ಎಂದು ಉದ್ಧರಿಸುವವರೆಲ್ಲ ನಮ್ಮ ಕಾಲದ ಪ್ರತಿಕಾರರು.

ಕನ್ನಡದಲ್ಲಿ ಈ ಪ್ರತಿದೋಷ ಇನ್ನೂ ಬೇಗ ಆಯಿತು, ಏಕೆಂದರೆ ನಮ್ಮ ಪದಗಳೇ ಅದಕ್ಕೆ ದಾರಿ ಮಾಡಿಕೊಟ್ಟವು. ಶಾಲೆಯ ಭೂಗೋಳದಲ್ಲಿ ಕ್ಲೈಮೇಟಿಗೆ ‘ವಾಯುಗುಣ’ ಎನ್ನುತ್ತೇವೆ. ಮಳೆಯ ಸುದ್ದಿ ಕೊಡುವ ಇಲಾಖೆ ‘ಹವಾಮಾನ’ ಇಲಾಖೆ. ಕೆಲವರು ‘ಹವಾಗುಣ’ವೇ ಸರಿ ಎಂದು ಹಟ ಹಿಡಿದರು (ನಾನೂ ಆ ಹಟಮಾರಿಗಳಲ್ಲಿ ಒಬ್ಬ, ಪತ್ರಿಕೆಗಳು ನಮ್ಮನ್ನು ಕೇಳಲಿಲ್ಲ). ಕೊನೆಗೆ ಪತ್ರಿಕೆಗಳಲ್ಲಿ ನೆಲೆಯೂರಿದ್ದು ‘ಹವಾಮಾನ ವೈಪರೀತ್ಯ’. ಕಿವಿಗೆ ಗಂಭೀರವಾಗಿ ಕೇಳಿಸುತ್ತದೆ, ತಲೆಬರಹಕ್ಕೆ ಒಪ್ಪುತ್ತದೆ. ಆದರೆ ವಿಪರೀತ ಎಂದರೇನು? ಜ್ವರ ವಿಪರೀತವಾಗಿದೆ ಎನ್ನುತ್ತೇವೆ. ಮೈಗೆ ಒಂದು ಸಹಜ ಬಿಸಿ ಇದೆ, ಜ್ವರ ಅದನ್ನು ಮೀರಿದೆ, ನಾಳೆಯೋ ನಾಡಿದ್ದೋ ಇಳಿಯುತ್ತದೆ ಎಂಬ ಭರವಸೆ ಆ ಮಾತಿನೊಳಗೇ ಇದೆ. ಮಳೆಯ ವಿಷಯದಲ್ಲಿ ಆ ಸಹಜಕ್ಕೆ ನಮ್ಮಲ್ಲಿ ಸೊಗಸಾದ ಪದವಿದೆ: ವಾಡಿಕೆ. ವಾಡಿಕೆಗಿಂತ ಹೆಚ್ಚು, ವಾಡಿಕೆಗಿಂತ ಕಡಿಮೆ. ವಾಡಿಕೆಯಿಂದ ಆಚೀಚೆ ತೂಗಾಡುವುದು ವೇರಿಯಬಿಲಿಟಿ, ರೈತರ ಬಾಯಲ್ಲಿ ‘ಏರುಪೇರು’. ವಾಡಿಕೆಯೇ ಜಾಗ ಬದಲಿಸಿದರೆ ಅದು ಚೇಂಜ್. ಅಂದರೆ ವೈಪರೀತ್ಯ ಎಂಬ ಪದ ಅರ್ಥದಲ್ಲಿ ವೇರಿಯಬಿಲಿಟಿಗೆ ಹತ್ತಿರ, ಬಳಕೆಯಲ್ಲಿ ಚೇಂಜ್‌ಗೆ ಪರ್ಯಾಯ. ಎರಡನ್ನೂ ನುಂಗಿ ಕುಳಿತ ಈ ಪದದ ಹೊಟ್ಟೆಯಲ್ಲಿ 2.6ರ ವಾಕ್ಯದ ಅರ್ಥ ಜೀರ್ಣವಾಗಿ ಹೋಯಿತು. ಹಿರಿಯರು ಸುಳ್ಳು ಹೇಳಲಿಲ್ಲ, ಅವರ ಕನ್ನಡ ಅನುವಾದ ಪದಶಃ ಸರಿಯೇ ಇತ್ತು. ಕೇಳಿದವರಿಗೆ ತಲುಪಿದ್ದು ಮಾತ್ರ ಬೇರೆ.

*

ನನ್ನ ಓದಿಗೆ ಮೊದಲ ಆಕ್ಷೇಪ ಯೋಜನೆಯೊಳಗಿಂದಲೇ ಬರುತ್ತದೆ. 2.6ರ ವಾಕ್ಯಕ್ಕೆ ತುಸು ಮುಂಚೆ ಹೊಂದಾಣಿಕೆ ಎಂದರೇನೆಂಬ ವಿವರಣೆ ಇದೆ. (‘ಹೊಂದಾಣಿಕೆ’ ಎಂದೊಡನೆ ನಮ್ಮ ಓದುಗರಿಗೆ ಸೀಟು ಹಂಚಿಕೆ ನೆನಪಾಗುತ್ತದೆ; ಬೇರೆ ಪದ ಬಳಕೆಗೆ ಬರುವವರೆಗೆ ಇದೇ ಗತಿ.) ಕ್ಲೈಮೇಟ್ ಚೇಂಜ್‌ನ ಸಂದರ್ಭದಲ್ಲಿ ಹೊಂದಾಣಿಕೆ ಎಂದರೆ ಅದರ ಕೆಟ್ಟ ಪರಿಣಾಮಗಳನ್ನು ಕಡಿಮೆ ಮಾಡಿಕೊಳ್ಳುವ ಕ್ರಮಗಳು ಎಂದು ಅಲ್ಲಿ ಹೇಳಿ, ಸಮುದ್ರದಂಚಿನ ಜನರನ್ನು ಬೇರೆಡೆಗೆ ಸಾಗಿಸುವುದು, ಹೆಚ್ಚು ಬಿಸಿ ತಾಳುವ ಬೆಳೆಗೆ ಬದಲಾಯಿಸಿಕೊಳ್ಳುವುದು ಎಂಬ ಉದಾಹರಣೆಗಳನ್ನು ಕೊಡಲಾಗಿದೆ. ವಿವರಣೆಯಲ್ಲಿ ಚೇಂಜ್ ಇರುವಾಗ ಅದರ ಬೆನ್ನಿಗೇ ಬರುವ ಲೆಕ್ಕದಲ್ಲಿ ವೇರಿಯಬಿಲಿಟಿ ಬಂದದ್ದು ಕೈತಪ್ಪು, ಬರೆದವರು ಎರಡನ್ನೂ ಒಂದೇ ಎಂದುಕೊಂಡಿದ್ದರು ಎಂದು ವಾದಿಸಬಹುದು. ವಾದಿಸಿದವರೂ ಇದ್ದಾರೆ.

ನನಗೆ ಇದು ನನ್ನ ಪರವಾದ ಸಾಕ್ಷಿಯಾಗಿಯೇ ಕಾಣುತ್ತದೆ. ವಿವರಣೆ ‘ಇಂಥ ಸಂದರ್ಭದಲ್ಲಿ’ ಎಂದು ತನಗೆ ತಾನೇ ಬೇಲಿ ಹಾಕಿಕೊಂಡಿದೆ. ಬೇರೆ ಸಂದರ್ಭವೇ ಇಲ್ಲದಿದ್ದರೆ ಈ ಬೇಲಿ ಯಾರಿಗೆ? ಕೊಟ್ಟ ಉದಾಹರಣೆಗಳನ್ನು ನೋಡಿ: ಏರುವ ಕಡಲು, ಏರುವ ಬಿಸಿ. ಇವೆರಡೂ ಒಮ್ಮುಖವಾಗಿ ಸಾಗುವ ಸಂಗತಿಗಳು, ತೂಗಾಡುವ ಸಂಗತಿಗಳಲ್ಲ. ಆಮೇಲೆ ಲೆಕ್ಕ ಬರುವ ಜಾಗದಲ್ಲಿ ಪದ ಬದಲಾಗುತ್ತದೆ, ಅದರ ಹಿಂದೆ ಸಾಲಾಗಿ ಈಗಾಗಲೇ ನಡೆಯುತ್ತಿರುವ ಕಾರ್ಯಕ್ರಮಗಳು ಬರುತ್ತವೆ: ಬೆಳೆ ಸುಧಾರಣೆ, ಬರ ತಡೆ, ಅರಣ್ಯ, ನೀರು, ಕರಾವಳಿ, ಆರೋಗ್ಯ, ವಿಪತ್ತು ನಿರ್ವಹಣೆ. ಆರೋಗ್ಯದ ಕೆಳಗೆ ಮಲೇರಿಯಾ, ಕಾಳಾಜ್ವರ, ಡೆಂಗಿ, ಆನೆಕಾಲು ರೋಗ. ಮಲೇರಿಯಾದ ವಿರುದ್ಧ ಭಾರತ ಸರ್ಕಾರ ಖರ್ಚು ಮಾಡಲು ಶುರುಮಾಡಿದಾಗ ಹಸಿರುಮನೆ ಅನಿಲದ ಹೆಸರನ್ನು ದೆಹಲಿಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಎರಡನೆಯ ಪ್ರಶ್ನೆ, ಬರೆದವರಿಗೆ ಈ ವ್ಯತ್ಯಾಸ ಗೊತ್ತಿತ್ತೇ ಎಂಬುದು. ಗೊತ್ತಿರಲೇಬೇಕಿತ್ತು. ವಿಶ್ವಸಂಸ್ಥೆಯ 1992ರ ಹವಾಮಾನ ಚೌಕಟ್ಟು ಒಪ್ಪಂದ ತನ್ನ ಮೊದಲ ವಿಧಿಯಲ್ಲೇ ಈ ಎರಡು ಪದಗಳನ್ನು ಬೇರ್ಪಡಿಸಿದೆ. ಮನುಷ್ಯರ ಚಟುವಟಿಕೆಯಿಂದ ವಾತಾವರಣದ ಸಂಯೋಜನೆ ಬದಲಾಗಿ, ಸಹಜ ಏರುಪೇರಿನ ಮೇಲೆ ಹೆಚ್ಚುವರಿಯಾಗಿ ಆಗುವುದು ಮಾತ್ರ ಆ ಒಪ್ಪಂದದ ಪ್ರಕಾರ ಚೇಂಜ್. (ಹವಾಮಾನ ವಿಜ್ಞಾನದ ಅಂತರಸರ್ಕಾರಿ ಸಮಿತಿ ಐಪಿಸಿಸಿ ಇದೇ ಪದವನ್ನು ಹೆಚ್ಚು ವಿಶಾಲವಾಗಿ ಬಳಸುತ್ತದೆ. ನಮ್ಮಲ್ಲಿ ಅನೇಕರು ಐಪಿಸಿಸಿಯ ಅರ್ಥವನ್ನು ಹಿಡಿದು ಒಪ್ಪಂದವನ್ನು ಓದುತ್ತಾರೆ, ಅರ್ಧ ಗೊಂದಲ ಅಲ್ಲಿಂದ ಬಂದದ್ದು.) ಭಾರತ ಈ ಒಪ್ಪಂದವನ್ನು ಅನುಮೋದಿಸಿದ್ದು 1993ರ ನವೆಂಬರ್ 1ರಂದು. ಒಪ್ಪಂದದ ಕರಡಿನ ಕಾಲದಲ್ಲಿ ಭಾರತದ ಪರ ವಾದಿಸಿದ ಮುಖ್ಯ ರಾಯಭಾರಿ ಚಂದ್ರಶೇಖರ ದಾಸ್‌ಗುಪ್ತ. 2007ರಲ್ಲಿ ರಚನೆಯಾಗಿ ಈ ಯೋಜನೆಯನ್ನು ರೂಪಿಸಿದ ಪ್ರಧಾನಮಂತ್ರಿಗಳ ಹವಾಮಾನ ಮಂಡಳಿಯಲ್ಲಿ, ಸುನೀತಾ ನಾರಾಯಣ್, ಆರ್.ಕೆ. ಪಚೌರಿ, ರತನ್ ಟಾಟಾ ಅವರ ಜೊತೆ ಅವರೂ ಇದ್ದರು.

ಪದದ ಹಿಂದೆ ಹಣವೂ ಇದೆ. ಒಪ್ಪಂದದ ನಾಲ್ಕನೆಯ ವಿಧಿಯ ಪ್ರಕಾರ ಶ್ರೀಮಂತ ದೇಶಗಳು ಬಡ ದೇಶಗಳ ‘ಹೆಚ್ಚುವರಿ’ ವೆಚ್ಚವನ್ನು ಭರಿಸಬೇಕು, ಹೊಂದಾಣಿಕೆಯ ವೆಚ್ಚಕ್ಕೂ ನೆರವಾಗಬೇಕು. ಹೆಚ್ಚುವರಿ ಎಂದಮೇಲೆ ಅದಕ್ಕೊಂದು ತಳಪಾಯ ಬೇಕು: ಹವಾಮಾನ ಬದಲಾಗದೆಯೂ ನೀವು ಹೇಗೂ ಮಾಡುತ್ತಿದ್ದ ಖರ್ಚೆಷ್ಟು? ಶೇ 2.6 ಎಂಬುದು ಆ ತಳಪಾಯ. ಇಷ್ಟನ್ನು ನಾವು ಏರುಪೇರಿಗೇ ಸುರಿಯುತ್ತಿದ್ದೇವೆ, ನಿಮ್ಮ ಹೊಗೆಯಿಂದ ಬರುವುದು ಇದರ ಮೇಲಿನ ಹೊರೆ ಎಂದು ಹೇಳುವ ಲೆಕ್ಕ. ಅದೇ ಹಣವನ್ನು ಹವಾಮಾನ ಬದಲಾವಣೆಗೆ ಮಾಡುತ್ತಿರುವ ಖರ್ಚು ಎಂದು ಬರೆದುಬಿಟ್ಟರೆ ಸಂಧಾನದ ಮೇಜಿನ ಆಚೆ ಕುಳಿತವನು, ಹಾಗಾದರೆ ನಿಮ್ಮದೇ ದುಡ್ಡು ಸಾಕಲ್ಲ ಎಂದು ಎದ್ದು ಹೋಗಬಹುದು. ಹಣಕಾಸಿನ ಕಣ್ಣಿನಿಂದ ನೋಡಿದರೆ ಹೆಮ್ಮೆಯ ಓದು ದೇಶಕ್ಕೇ ನಷ್ಟ ತರುವ ಓದು.

ಇಲ್ಲಿ ವಿಶ್ವಸಂಸ್ಥೆಯ ಬಾಲಿ ಹವಾಮಾನ ಸಮ್ಮೇಳನದ ಪ್ರಸಂಗವನ್ನು ನೆನೆಯಬೇಕು. ಕ್ರಿಯಾ ಯೋಜನೆ ಹೊರಬರಲು ಆರೂವರೆ ತಿಂಗಳಿತ್ತು. 2007ರ ಡಿಸೆಂಬರ್ 15, ಸಮ್ಮೇಳನ ಮುಗಿಯಬೇಕಿದ್ದ ದಿನ ದಾಟಿತ್ತು, ಪ್ರತಿನಿಧಿಗಳು ನಿದ್ದೆಗೆಟ್ಟಿದ್ದರು. ಕರಡಿನಲ್ಲಿ ‘ಅಳೆಯಬಹುದಾದ, ವರದಿ ಮಾಡಬಹುದಾದ, ಪರಿಶೀಲಿಸಬಹುದಾದ’ ಎಂಬ ವಿಶೇಷಣಗಳು ಅಭಿವೃದ್ಧಿಶೀಲ ದೇಶಗಳ ಕ್ರಮಗಳ ಹಿಂದೆ, ವಾಕ್ಯದ ಮೊದಲಲ್ಲೇ ಕೂತಿದ್ದವು. ಅಂದರೆ ಅಳತೆಗೋಲು ಬಡವನ ಕೆಲಸಕ್ಕೆ ಮಾತ್ರ. ಕಪಿಲ್ ಸಿಬಲ್ ನೇತೃತ್ವದ ಭಾರತದ ನಿಯೋಗ ಅವನ್ನು ವಾಕ್ಯದ ಕೊನೆಗೆ ಒಯ್ಯಬೇಕೆಂದು ಪಟ್ಟು ಹಿಡಿಯಿತು. ಕೊನೆಗೆ ಹೋದರೆ ಅದೇ ಅಳತೆ ಶ್ರೀಮಂತರು ಕೊಡುವ ತಂತ್ರಜ್ಞಾನಕ್ಕೂ ಹಣಕ್ಕೂ ಅನ್ವಯಿಸುತ್ತದೆ. ಅಮೆರಿಕದ ಪೌಲಾ ಡೊಬ್ರಿಯಾನ್ಸ್ಕಿ ಒಪ್ಪುವುದಿಲ್ಲ ಎಂದರು, ಸಭೆ ಗೇಲಿಯ ಕೂಗು ಹಾಕಿತು, ಪಪುವಾ ನ್ಯೂಗಿನಿಯ ಕೆವಿನ್ ಕಾನ್ರಾಡ್ ಎದ್ದು, ಮುಂದಾಳತ್ವ ವಹಿಸಲಾಗದಿದ್ದರೆ ದಾರಿ ಬಿಡಿ ಎಂಬರ್ಥದ ಮಾತು ಆಡಿದರು. ಸ್ವಲ್ಪ ಹೊತ್ತಿಗೆ ಅಮೆರಿಕ ಮಣಿಯಿತು. ಇಡೀ ಜಗಳ ನಡೆದದ್ದು ಮೂರು ವಿಶೇಷಣ ಎಲ್ಲಿ ಕೂರಬೇಕೆಂಬುದರ ಮೇಲೆ. ನಮ್ಮ ವ್ಯಾಕರಣ ಪಂಡಿತರು ಇದನ್ನು ಅನ್ವಯದ ಪಾಠಕ್ಕೆ ಉದಾಹರಣೆಯಾಗಿ ಬಳಸಬಹುದಿತ್ತು.

ಇಂಥ ಸರ್ಕಾರ ಆರು ತಿಂಗಳ ನಂತರ ಒಪ್ಪಂದದ ಮೊದಲ ವಿಧಿಯಲ್ಲೇ ವಿವರಿಸಿದ ಪದವನ್ನು ಗಮನವಿಲ್ಲದೆ ಬಳಸಿತು ಎಂದು ನಂಬಲು ನಾನು ಸಿದ್ಧನಿಲ್ಲ. ಒಂದು ತಿದ್ದುಪಡಿ ಮಾತ್ರ ಒಪ್ಪುತ್ತೇನೆ: ಬಾಲಿಯಲ್ಲಿ ಹೋರಾಡಿದವರೂ ಯೋಜನೆಯ ಅಂಕಿಗಳನ್ನು ಜೋಡಿಸಿದವರೂ ಒಬ್ಬರೇ ಆಗಿರಬೇಕಿಲ್ಲ. ಸರ್ಕಾರ ಎಂಬುದು ಒಂದು ಕೈಬರಹವಲ್ಲ.

*

ಈಗ ಮೊತ್ತ. ಯೋಜನೆ ಹೊರಬರುವ ಹೊತ್ತಿಗೆ ಲೆಕ್ಕ ಮುಗಿದಿದ್ದ ಹತ್ತಿರದ ವರ್ಷ 2006-07 ಎಂದಿಟ್ಟುಕೊಳ್ಳೋಣ. ಆ ವರ್ಷದ ಜಿಡಿಪಿ ಸುಮಾರು 42 ಲಕ್ಷ ಕೋಟಿ ರೂಪಾಯಿ. ಅದರ ಶೇ 2.6 ಎಂದರೆ ಒಂದು ಲಕ್ಷ ಕೋಟಿಗೂ ಮೇಲೆ. ಅದೇ ವರ್ಷ ಕೇಂದ್ರ ಸರ್ಕಾರದ ಒಟ್ಟು ವೆಚ್ಚ ಸುಮಾರು 5.83 ಲಕ್ಷ ಕೋಟಿ. ಕೇಂದ್ರದ ಬೊಕ್ಕಸವನ್ನಷ್ಟೇ ಇಟ್ಟು ನೋಡಿದರೆ ಹೆಚ್ಚುಕಡಿಮೆ ಐದರಲ್ಲಿ ಒಂದು ರೂಪಾಯಿ. ಸಂಬಳ, ಬಡ್ಡಿ, ರಕ್ಷಣೆ ಎಲ್ಲ ಕಳೆದ ಮೇಲೆ ಉಳಿಯುವುದರಲ್ಲಿ ಇಷ್ಟು ದೊಡ್ಡ ತುಂಡು ಹವಾಮಾನಕ್ಕೆಂದೇ ಹೋಗುತ್ತಿತ್ತು ಎಂದು ಚಪ್ಪಾಳೆ ತಟ್ಟಿದವರು ಒಮ್ಮೆ ಗುಣಾಕಾರ ಮಾಡಿ ನೋಡಬೇಕಿತ್ತು. ರಾಜ್ಯಗಳ ಖರ್ಚು ಸೇರಿದೆ ಎಂದರೂ ಗ್ರಾಮೀಣಾಭಿವೃದ್ಧಿ, ನೀರಾವರಿ, ಆರೋಗ್ಯ, ಕೃಷಿ ಎಲ್ಲವನ್ನೂ ಬುಟ್ಟಿಗೆ ಹಾಕದೆ ಈ ಮೊತ್ತ ಆಗುವುದಿಲ್ಲ. ಹೋಲಿಕೆಗೆ ಇನ್ನೊಂದು ಅಂಕಿ: ಬರ, ನೆರೆ, ಚಂಡಮಾರುತಕ್ಕೆಂದು ಹನ್ನೆರಡನೆಯ ಹಣಕಾಸು ಆಯೋಗ 2005ರಿಂದ 2010ರವರೆಗಿನ ಐದು ವರ್ಷಕ್ಕೆ ವಿಪತ್ತು ಪರಿಹಾರ ನಿಧಿಗೆ ಗೊತ್ತುಮಾಡಿದ್ದು 21,333 ಕೋಟಿ. ವರ್ಷಕ್ಕೆ 4,267 ಕೋಟಿ. ಇದು 2.6ರ ಇಪ್ಪತ್ತೈದರಲ್ಲಿ ಒಂದು ಪಾಲು.

ಹಾಗಾದರೆ ಎದುರು ಬಣದವರ ಚೀಟಿಯ ಮಾತೇ ಸರಿಯಲ್ಲವೇ? ಅರ್ಧ ಸರಿ. ಚೀಟಿ ಅಂಟಿಸಿದ್ದು ನಿಜ, ಆದರೆ ಚೀಟಿಯ ಮೇಲೆ ಬರೆದಿರುವುದನ್ನು ಅವರು ಓದಲಿಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ, ಚಳ್ಳಕೆರೆಯಿಂದ ತುಸು ಆಚೆ, ಶೇಂಗಾ ಹೊಲಗಳ ನಡುವೆ ಹಳ್ಳಕ್ಕೆ ಅಡ್ಡ ಕಟ್ಟಿದ ಒಂದು ಕಲ್ಲಿನ ಒಡ್ಡು ನೋಡಿದ್ದೇನೆ. ಬದಿಯ ಗಾರೆಯ ಫಲಕದಲ್ಲಿ ಕೊರೆದ ಅಕ್ಷರ: ಬರಪೀಡಿತ ಪ್ರದೇಶ ಕಾರ್ಯಕ್ರಮ. ಅದರ ಮೇಲೆ ಹಳದಿ ಬಣ್ಣ ಬಳಿದು ಕಪ್ಪಿನಲ್ಲಿ ಜಲಾನಯನ ಅಭಿವೃದ್ಧಿ ಎಂದು ಬರೆದಿದ್ದರು. ಬಣ್ಣ ಸುಲಿದು ಕೆಳಗಿನ ‘ಬರ’ ಎಂಬ ಎರಡಕ್ಷರ ಹೊರಗೆ ಇಣುಕುತ್ತಿತ್ತು. ಪಕ್ಕದಲ್ಲಿ ಹೊಸದಾಗಿ ನೆಟ್ಟ ತಗಡಿನ ಬೋರ್ಡಿನಲ್ಲಿ ಉದ್ಯೋಗ ಖಾತ್ರಿ. ಹೂಳು ತೆಗೆದದ್ದಕ್ಕೆ ಆ ಬೋರ್ಡು. ಮೂರು ಯೋಜನೆ, ಮೂರು ಲೆಕ್ಕಶೀರ್ಷಿಕೆ, ಒಂದೇ ಒಡ್ಡು. ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಇದೇನು ಎಂದು ಕೇಳಿದೆ. “ಬರಗಾಲದ ಒಡ್ಡು, ಸ್ವಾಮಿ” ಎಂದ. ಫಲಕಗಳನ್ನು ಅವನು ಓದಿರಲಿಲ್ಲ, ಓದುವ ಅಗತ್ಯವೂ ಅವನಿಗಿರಲಿಲ್ಲ.

ಆ ಒಡ್ಡಿನ ವಂಶಾವಳಿ ಹೇಳಿಬಿಡುತ್ತೇನೆ, ಏಕೆಂದರೆ 2.6ರ ಒಳಗೆ ಇರುವುದು ಇಂಥ ಒಡ್ಡುಗಳೇ. 1970-71ರ ಗ್ರಾಮೀಣ ಕಾಮಗಾರಿ ಕಾರ್ಯಕ್ರಮ 1973-74ರಲ್ಲಿ ಬರಪೀಡಿತ ಪ್ರದೇಶ ಕಾರ್ಯಕ್ರಮವಾಯಿತು. 1994ರಲ್ಲಿ ಸಿ.ಎಚ್. ಹನುಮಂತರಾವ್ ಸಮಿತಿ ಕಾಮಗಾರಿಯ ಕಣ್ಣನ್ನು ಬಿಟ್ಟು ಜಲಾನಯನದ ಕಣ್ಣಿನಿಂದ ನೋಡಿ ಎಂದಿತು. 2009ರ ಫೆಬ್ರವರಿಯಲ್ಲಿ ಬರ, ಮರುಭೂಮಿ, ಪಾಳುಭೂಮಿಯ ಮೂರು ಕಾರ್ಯಕ್ರಮಗಳು ಒಂದರಲ್ಲಿ ಕರಗಿದವು, 2015ರಲ್ಲಿ ಅದೂ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಒಂದು ಅಂಗವಾಯಿತು. ಇನ್ನೂ ಹಿಂದೆ ಹೋದರೆ ಸಿಗುವುದು ಕ್ಷಾಮಸಂಹಿತೆ. ಮೈಸೂರು ಸೀಮೆಯವರು ಇವತ್ತಿಗೂ ಧಾತು-ಈಶ್ವರದ ಬರ ಎಂದು ಸಂವತ್ಸರದ ಹೆಸರಿನಿಂದಲೇ ಕರೆಯುವ 1876-78ರ ಕ್ಷಾಮದ ಬೆನ್ನಿಗೆ ಬಂದದ್ದು ಅದು. ಮಳೆ ಕೈಕೊಟ್ಟ ವರ್ಷ ಕೆಲಸ ಕೊಟ್ಟು ಒಡ್ಡು ಕಟ್ಟಿಸುವ ಪದ್ಧತಿಗೆ ಆಗಲೇ ನಿಯಮಗಳಿದ್ದವು. ಇದು ಏರುಪೇರಿನ ಆಡಳಿತ. ಯೋಜನೆಯ ಕರಡುಗಾರರು ಹಳೆಯ ಫಲಕದ ಮೇಲೆ ಹೊಸ ಬಣ್ಣ ಬಳಿದರೆಂಬುದು ಆರೋಪ. ನನ್ನ ಓದಿನಲ್ಲಿ ಅವರು ಬಣ್ಣದ ಕೆಳಗಿನ ಅಕ್ಷರವನ್ನೇ ವಾಕ್ಯದಲ್ಲಿ ಉಳಿಸಿದರು. ಬಣ್ಣ ಬಳಿದವರು ಆಮೇಲೆ ಬಂದರು.

*

ಆಮೇಲಿನವರ ಪಾಠಾಂತರಗಳನ್ನು ಅನುಕ್ರಮದಲ್ಲಿ ನೋಡೋಣ. 2015ರ ಅಕ್ಟೋಬರ್‌ನಲ್ಲಿ, ಪ್ಯಾರಿಸ್ ಸಮ್ಮೇಳನದ ಮುನ್ನ, ಭಾರತ ಸಲ್ಲಿಸಿದ ಸಂಕಲ್ಪಪತ್ರದಲ್ಲಿ ಇದೇ ಜಾತಿಯ ಅಂಕಿ ಮತ್ತೆ ಬರುತ್ತದೆ: 2000-01ರಲ್ಲಿ ಜಿಡಿಪಿಯ ಶೇ 1.45 ಇದ್ದದ್ದು 2009-10ಕ್ಕೆ ಶೇ 2.82 ಆಯಿತು. ಆದರೆ ಯಾವುದರ ವೆಚ್ಚ? ಈಗ ಅದು ಹೊಂದಾಣಿಕೆಯ ಅಂಶ ಪ್ರಮುಖವಾಗಿರುವ ಕಾರ್ಯಕ್ರಮಗಳ ವೆಚ್ಚ. ವೇರಿಯಬಿಲಿಟಿ ಕಾಣೆ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಹೊಂದಾಣಿಕೆ ವರದಿಯಲ್ಲಿ, ಅದನ್ನೇ ಎತ್ತಿಕೊಂಡ 2023-24ರ ಆರ್ಥಿಕ ಸಮೀಕ್ಷೆಯಲ್ಲಿ, ಶೀರ್ಷಿಕೆ ಇನ್ನೂ ಸಡಿಲ: ಹೊಂದಾಣಿಕೆಗೆ ‘ಸಂಬಂಧಿಸಿದ’ ವೆಚ್ಚ, 2015-16ರಲ್ಲಿ ಶೇ 3.7, 2021-22ರಲ್ಲಿ ಶೇ 5.60. ಎರಡು ಬಾರಿ ಪದ ಬದಲಾಗಿದೆ, ಪ್ರತಿ ಸಲವೂ ಬುಟ್ಟಿಯ ಬಾಯಿ ಅಗಲವಾಗಿದೆ, ಅಂಕಿ ಬೆಳೆದಿದೆ. 2.6, 2.82, 5.60 ಎಂದು ಚುಕ್ಕಿ ಇಟ್ಟು ಗೆರೆ ಎಳೆದು, ನೋಡಿ ಬದ್ಧತೆ ಹೇಗೆ ಏರಿದೆ ಎಂದು ಪರದೆಯ ಮೇಲೆ ತೋರಿಸುವ ಉಪನ್ಯಾಸಗಳಿಗೆ ನಾನೂ ಕೂತಿದ್ದೇನೆ. ಬೇರೆಬೇರೆ ಸೇರಿನಿಂದ ಅಳೆದ ಭತ್ತವನ್ನು ಒಂದೇ ಕಣಜದ ಲೆಕ್ಕದಲ್ಲಿ ಬರೆದಂತೆ ಅದು. 2008ರ ಪಾಠ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಕ್ಲಿಷ್ಟ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಪ್ರಾಮಾಣಿಕ.

ಸರ್ಕಾರವೇ ಒಳಗೊಳಗೆ ಎರಡು ಖಾತೆ ಇಟ್ಟಿತ್ತೆಂಬುದಕ್ಕೆ ಇನ್ನೊಂದು ಪುರಾವೆ ಇದೆ. ಇದನ್ನು ಯಾರೂ 2.6ರ ಪಕ್ಕದಲ್ಲಿಟ್ಟು ನೋಡಿದ್ದನ್ನು ನಾನು ಕಂಡಿಲ್ಲ. 2015ರಲ್ಲಿ ಹವಾಮಾನ ಬದಲಾವಣೆಗೆಂದೇ ರಾಷ್ಟ್ರೀಯ ಹೊಂದಾಣಿಕೆ ನಿಧಿ ಸ್ಥಾಪನೆಯಾಯಿತು, ನಬಾರ್ಡ್ ಮೂಲಕ. ಇಲ್ಲಿ ಹೆಸರಿನಲ್ಲೇ ಚೇಂಜ್ ಇದೆ. 2015-16 ಮತ್ತು 2016-17 ಎರಡೂ ವರ್ಷಕ್ಕೆ ಸೇರಿ ಇಟ್ಟದ್ದು 350 ಕೋಟಿ. ಏಳು ವರ್ಷ ಹಿಂದಿನ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ದಾಟಿದ್ದ ಬಾಬ್ತು ಹೆಸರು ನಿಖರವಾದೊಡನೆ 350 ಕೋಟಿಗೆ ಇಳಿಯಿತು. 2022ರ ನವೆಂಬರ್‌ನಲ್ಲಿ ಅದನ್ನೂ ಸ್ಕೀಮಿನ ಪಟ್ಟಿಯಿಂದ ಹೊರಗಿಟ್ಟರು. ಶೇ 2.6 ನಿಜವಾಗಿಯೂ ಬದಲಾವಣೆಯ ಖರ್ಚಾಗಿದ್ದರೆ ಈ ನಿಧಿಯನ್ನು ಹೊಸದಾಗಿ ಹುಟ್ಟಿಸುವ ಅಗತ್ಯವೇ ಇರಲಿಲ್ಲ.

ಯೋಜನೆಯ ಮೂಲ ಧೋರಣೆಯೂ ಇದೇ ದಿಕ್ಕಿನಲ್ಲಿದೆ. ಅಭಿವೃದ್ಧಿಯ ಗುರಿ ಸಾಧಿಸುವ ಕ್ರಮಗಳನ್ನೇ ಮಾಡೋಣ, ಜೊತೆಗೆ ಹವಾಮಾನಕ್ಕೂ ಉಪಕಾರವಾಗಲಿ ಎಂಬುದು ಅದರ ಸೂತ್ರ. ಕೋ-ಬೆನಿಫಿಟ್ ಎಂಬ ಈ ಮಾತನ್ನು ಕನ್ನಡದಲ್ಲಿ ‘ಒಂದೇ ಕಲ್ಲಿಗೆ ಎರಡು ಹಕ್ಕಿ’ ಎಂದು ವಿವರಿಸುವವರು ಎರಡೂ ಹಕ್ಕಿಗೆ ಸಮಾನ ತೂಕ ಕೊಡುತ್ತಾರೆ. ಸಂಸ್ಕೃತ ವ್ಯಾಕರಣದಲ್ಲಿ ಅನ್ವಾಚಯ ಎಂಬುದಕ್ಕೆ ಕೊಡುವ ಹಳೆಯ ಉದಾಹರಣೆ ಇಲ್ಲಿ ಹೆಚ್ಚು ಒಪ್ಪುತ್ತದೆ: ಭಿಕ್ಷೆಗೆ ಹೊರಟ ಹುಡುಗನಿಗೆ ಹಸು ಕಂಡರೆ ಹೊಡೆದುಕೊಂಡು ಬಾ ಎನ್ನುವುದು. ಭಿಕ್ಷೆ ತಪ್ಪಬಾರದು, ಹಸು ಸಿಕ್ಕರೆ ಸಿಕ್ಕಿತು. 2008ರ ಯೋಜನೆಯಲ್ಲಿ ಅಭಿವೃದ್ಧಿ ಭಿಕ್ಷೆ, ಹವಾಮಾನ ಹಸು. ಇದನ್ನು ಖಂಡಿಸಬೇಕೋ ಮೆಚ್ಚಬೇಕೋ ಎಂಬುದು ಬೇರೆ ಚರ್ಚೆ. ಪಠ್ಯ ಮಾತ್ರ ಇದನ್ನು ಮುಚ್ಚಿಟ್ಟಿಲ್ಲ.

ನನ್ನ ಓದಿನ ಒಂದು ದುರ್ಬಲ ಕೊಂಡಿಯನ್ನೂ ತೋರಿಸಬೇಕು. ಏರುಪೇರು ಬೇರೆ, ಬದಲಾವಣೆ ಬೇರೆ ಎಂಬ ಗೆರೆ ಕಾಗದದಲ್ಲಿ ಚೆನ್ನಾಗಿದೆ, ನೆಲದ ಮೇಲೆ ಅಷ್ಟು ಚೊಕ್ಕವಾಗಿಲ್ಲ. ಗೆರೆ ನಿಂತಿರುವುದು ವಾಡಿಕೆಯ ಮೇಲೆ, ಆದರೆ ವಾಡಿಕೆಯೂ ಒಂದು ಸರಾಸರಿಯೇ. ದೇಶದ ನೈಋತ್ಯ ಮುಂಗಾರಿನ ದೀರ್ಘಾವಧಿ ಸರಾಸರಿ 1951-2000ರ ಲೆಕ್ಕದಲ್ಲಿ 89 ಸೆಂ.ಮೀ., 1961-2010ರ ಲೆಕ್ಕದಲ್ಲಿ 88, 1971-2020ರ ಲೆಕ್ಕದಲ್ಲಿ 87. ಸರಾಸರಿ ಇಳಿದ ಮಾತ್ರಕ್ಕೆ ಅದಕ್ಕೆ ಇಂಥದೇ ಕಾರಣ ಎನ್ನಲಾಗದು, ಮುಂಗಾರಿಗೆ ದಶಕಗಳ ಏರಿಳಿತ ಮೊದಲಿನಿಂದಲೂ ಇದೆ. ಆದರೆ ಒಂದು ಸಂಗತಿ ನೋಡಿ: 88 ಸೆಂ.ಮೀ. ಮಳೆ ಬಿದ್ದ ವರ್ಷ ಹಳೆಯ ವಾಡಿಕೆಗೆ ಕೊರತೆ, ಹೊಸ ವಾಡಿಕೆಗೆ ಮಿಗತೆ. ಕೆಲವು ದಶಕ ಕಾದರೆ ಬದಲಾವಣೆ ತಾನಾಗಿ ವಾಡಿಕೆಯೊಳಗೆ ಸೇರಿಕೊಂಡು, ಅದರ ಹೊರೆ ಏರುಪೇರಿನ ಖಾತೆಗೆ ಜಮೆಯಾಗುತ್ತದೆ. ಕರ್ನಾಟಕ 1988ರಲ್ಲೇ ಬರ ಉಸ್ತುವಾರಿ ಕೋಶ ತೆರೆದು ಮಳೆಮಾಪನದ ಜಾಲ ಕಟ್ಟುತ್ತ ಬಂದಿದೆ. ಈ ಪ್ರಶ್ನೆಯನ್ನು ಹೋಬಳಿ ಮಟ್ಟದಲ್ಲಿ ಪರೀಕ್ಷಿಸಬಲ್ಲ ಸಾಮಗ್ರಿ ನಮ್ಮಲ್ಲೇ ಇದೆ. 2009ರಲ್ಲಿ ರಾಜ್ಯಗಳೂ ತಮ್ಮತಮ್ಮ ಕ್ರಿಯಾ ಯೋಜನೆ ಮಾಡಬೇಕೆಂದು ಕೇಂದ್ರ ಹೇಳಿತು, ಆಮೇಲೆ ನಮ್ಮದೂ ಸಿದ್ಧವಾಯಿತು. ಅದರ ಬಗ್ಗೆ ಬೇರೆ ಲೇಖನವೇ ಬೇಕು. ಆ ಕೆಲಸವನ್ನು ಎಳೆಯರು ಮಾಡಲಿ, ಒಂದೇ ಷರತ್ತು: ಮೊದಲು ತಮ್ಮ ಪದಕೋಶ ಸರಿಮಾಡಿಕೊಳ್ಳಲಿ.

ಈ ಷರತ್ತನ್ನು ನನಗೂ ಹಾಕಿಕೊಳ್ಳಬೇಕಾಗಿದೆ. ಲೇಖನ ಮುಗಿಸುವ ಹೊತ್ತಿಗೆ ಹಳೆಯ ಕಡತಗಳನ್ನು ತೆಗೆದಾಗ, ಬಹಳ ಹಿಂದೆ ಶಿಕ್ಷಕರ ತರಬೇತಿಯ ಕೈಪಿಡಿಯೊಂದಕ್ಕೆ ನಾನೇ ಮಾಡಿಕೊಟ್ಟ ಅನುವಾದ ಸಿಕ್ಕಿತು. ಇದೇ ಕ್ರಿಯಾ ಯೋಜನೆಯ ಸಾರಾಂಶ ಅದರಲ್ಲಿದೆ. ಹನ್ನೊಂದನೆಯ ಪುಟದಲ್ಲಿ 2.6ರ ವಾಕ್ಯ. ನನ್ನ ಕನ್ನಡದಲ್ಲಿ ಅದು ‘ಹವಾಮಾನ ವೈಪರೀತ್ಯಕ್ಕೆ ಹೊಂದಿಕೊಳ್ಳಲು’ ಎಂದೇ ಇದೆ. ಗೋಷ್ಠಿಯ ಹಿರಿಯರು ಆ ಕೈಪಿಡಿಯನ್ನು ಓದಿದ್ದರೋ ಏನೋ ಕೇಳಲು ನನಗೆ ಧೈರ್ಯವಾಗಲಿಲ್ಲ. ನನ್ನ ಪ್ರತಿಯಲ್ಲಿ ಆ ಪದವನ್ನು ಪೆನ್ಸಿಲಿನಿಂದ ಹೊಡೆದು ಅಂಚಿನಲ್ಲಿ ‘ಏರುಪೇರಿಗೆ’ ಎಂದು ಬರೆದಿಟ್ಟಿದ್ದೇನೆ. ಉಳಿದ ಪ್ರತಿಗಳು ಯಾವ ಯಾವ ಶಾಲೆಯ ಕಪಾಟಿನಲ್ಲಿವೆಯೋ.